ಸದ್ದಿಲ್ಲದ ಒಂದು ಕೋಣೆ

ಹೊರದೇಶದವರಿಗೆ ಖಾಸಗಿಯಾಗಿ ಇಂಗ್ಲಿಷ್ ಪಾಠ ಹೇಳುವವರು ಎಂಥ ಜಾಗ ನೋಡಿಕೊಳ್ಳಬೇಕು ಅಂತ ಯಾರೋ ಪುಣ್ಯಾತ್ಮ ಇಂಟರ್ನೆಟ್ಟಿನಲ್ಲಿ ಬರೆದಿದ್ದ. ಗದ್ದಲವಿಲ್ಲದ ಕಾಫಿ ಅಂಗಡಿಯಂತೆ, ಊರಿನ ಗ್ರಂಥಾಲಯವಂತೆ, ಪಾರ್ಕಿನ ಬೆಂಚಂತೆ. ಇದ್ಯಾವುದೂ ಆಗದಿದ್ದರೆ ನಿಮ್ಮ ಮನೆಯದೇ ಒಂದು ಶಾಂತವಾದ ಕೋಣೆಯಂತೆ. ಓದಿ ನನಗೆ ಮೈ ಉರಿಯಿತು. ಆ ಮನುಷ್ಯನನ್ನು ಒಂದು ಸಂಜೆ ಸಿಂಧಘಟ್ಟದ ನಮ್ಮ ಮನೆಯಲ್ಲಿ ತಂದು ಕೂರಿಸಬೇಕಿತ್ತು.

ನಮ್ಮ ಮನೆಯ ಮುಂಭಾಗವೇ ಹಿಟ್ಟಿನ ಗಿರಣಿ. ನಡೆಸುವವನು ನನ್ನ ಗಂಡ ತಿಮ್ಮೇಶ. ತ್ರೀಫೇಸ್ ಕರೆಂಟು ಬರುವುದು ಸಂಜೆಗೆ. ಗಿರಣಿ ಶುರುವಾಯಿತೆಂದರೆ ಅಡುಗೆಮನೆಯ ಲೋಟಗಳು ತಾವಾಗಿಯೇ ಹಲಗೆಯ ಅಂಚಿಗೆ ನಡೆದು ಬರುತ್ತವೆ. ಸರಿಯಾಗಿ ಅದೇ ಹೊತ್ತಿಗೆ ವಿಯೆಟ್ನಾಮಿನಲ್ಲಿ ಹೋವಾ ಎಂಬ ಹುಡುಗಿ ಹೋಟೆಲಿನಲ್ಲಿ ಹಾಸಿಗೆ ಬದಲಾಯಿಸುವ ಕೆಲಸ ಮುಗಿಸಿ ಬಂದು, ಮುಖ ತೊಳೆದು, ನನಗಾಗಿ ಕಾಯುತ್ತಾ ಕೂತಿರುತ್ತಾಳೆ.

ಹೋವಾ ನನಗಿದ್ದ ಒಬ್ಬಳೇ ವಿದ್ಯಾರ್ಥಿನಿ. ಮೊದಲು ನಾನೊಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಐಚ್ಛಿಕ ಇಂಗ್ಲಿಷಿಗೆ ಮಕ್ಕಳೇ ಸೇರಲಿಲ್ಲವೆಂದು ಅತಿಥಿಯನ್ನು ಮನೆಗೆ ಕಳಿಸಿಕೊಟ್ಟರು. ಬಹಳ ದಿನ ಗಿರಣಿಯ ಹಿಟ್ಟು ಜರಡಿ ಹಿಡಿದುಕೊಂಡು ಕೂತ ಮೇಲೆ, ಹೊರದೇಶದ ಕಂಪನಿಯೊಂದು ಫೋನಿನಲ್ಲಿ ಪಾಠ ಹೇಳಲು ಈ ಹುಡುಗಿಯನ್ನು ನನಗೆ ಗಂಟುಹಾಕಿತು. ಹೋಟೆಲಿನ ಮುಂದಿನ ಕೌಂಟರಿನಲ್ಲಿ ನಿಂತು ಬಂದವರನ್ನು ಮಾತಾಡಿಸುವ ಕೆಲಸ ಸಿಗಬೇಕೆಂದು ಅವಳಿಗೆ ಆಸೆ. ಅವಳು ನನ್ನನ್ನು ಟೀಚರ್ ಸುಧ ಅನ್ನುತ್ತಿದ್ದಳು. ಇಡೀ ಊರಿಗೆ ನಾನು ಗಿರಣಿ ತಿಮ್ಮೇಶನ ಹೆಂಡತಿ. ಹೋವಾಳ ಬಾಯಿಂದ ಆ ಎರಡು ಮಾತು ಕೇಳಲೆಂದೇ ನಾನು ಸಂಜೆಯಾಗುವುದನ್ನು ಕಾಯುತ್ತಿದ್ದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಪಾಠದಲ್ಲಿ ಸದ್ದು ವಿಪರೀತ ಎಂದು ಕಂಪನಿ ಎರಡು ಸಲ ಎಚ್ಚರಿಸಿತು. ಆಮೇಲೆ ಕೊನೆಯ ಮಾತು ಬಂತು. ಬರುವ ಶುಕ್ರವಾರ ಪಾಠದ ಹೊತ್ತಿಗೆ ಅವರ ಪರೀಕ್ಷಕಿಯೂ ಫೋನಿನಲ್ಲೇ ಬಂದು ಕೂರುತ್ತಾಳೆ. ನನ್ನ ಬೆನ್ನ ಹಿಂದೆ ಬಿಳೀ ಗೋಡೆ ಕಾಣಬೇಕು, ಕೋಣೆಯಲ್ಲಿ ಬೇರೆ ನರಪಿಳ್ಳೆ ಇರಬಾರದು, ಸದ್ದು ಕೇಳಬಾರದು. ತಪ್ಪಿದರೆ ನನ್ನ ಖಾತೆ ಬಂದ್, ಹೋವಾ ಬೇರೆ ಟೀಚರ್ ಪಾಲು.

"ವಾರಕ್ ಮೂರೇ ದಿನ, ಒಂದೊಂದ್ ಗಂಟೆ ಗಿರಣಿ ನಿಲ್ಸಿ" ಅಂದೆ ಗಂಡನಿಗೆ.

"ರಾಗಿ ಮೂಟೆ ತಲೆ ಮ್ಯಾಲೆ ಒತ್ಕಂಡ್ ಬಂದೋರ್ನ ನಿನ್ ಇಂಗ್ಲೀಷ್ ಮುಗಿಯೋಗಂಟ ಬಾಗ್ಲಲ್ ನಿಲ್ಸಕಾಯ್ತದಾ? ನಾಳಿಂದ ಎಲ್ಲಾರೂ ಕೆ.ಆರ್. ಪೇಟೆಗೇ ಒಂಟೋಯ್ತಾರೆ, ಅಷ್ಟೆ."

ಅವನ ಮಾತಿನಲ್ಲಿ ತಪ್ಪೇ ಇರಲಿಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸಿದ್ದು.

ಸರಿ, ಆ ಪುಣ್ಯಾತ್ಮನ ಮಾತು ಕಟ್ಟಿಕೊಂಡು ಬಸ್ಸು ಹತ್ತಿದೆ. ಕೆ.ಆರ್. ಪೇಟೆಯ ಪಾರ್ಕಿನಲ್ಲಿ ಬೆಂಚು ಇತ್ತು, ನೆಟ್‌ವರ್ಕೂ ಇತ್ತು. ಕೂತು ಫೋನು ತೆಗೆಯುವಷ್ಟರಲ್ಲಿ ಹೆಂಗಸೊಬ್ಬಳು ಪಕ್ಕಕ್ಕೆ ಬಂದು, "ಯಾಕವ್ವ ಒಬ್ಳೇ ಕೂತಿದ್ದೀಯ, ಮನೇಲಿ ಏನಾರ ಮಾತು ಬಂತಾ?" ಅಂತ ಕೇಳಿ, ನನ್ನ ಬಸ್ಸು ಬರುವವರೆಗೂ ಏಳಲೇ ಇಲ್ಲ. ಪಾಂಡವಪುರದ ಗ್ರಂಥಾಲಯದವರು ಇನ್ನೂ ಚೆನ್ನಾಗಿ ಹೇಳಿದರು. ಇಲ್ಲಿ ಸದ್ದೇ ಇರುವುದಿಲ್ಲ ಮೇಡಂ, ಆದ್ದರಿಂದ ನೀವು ಮಾತಾಡುವ ಹಾಗಿಲ್ಲ. ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಕಂಡಕ್ಟರುಗಳ "ಹಾಸನ ಹಾಸನ ಹಾಸನ" ಕಿವಿ ತೂತು ಮಾಡಿತು. ಕೊನೆಗೆ ನಾಗಮಂಗಲದಲ್ಲಿ ಮಾನ ಬಿಟ್ಟು ಲಾಡ್ಜಿಗೂ ಹೋದೆ. ಒಂದು ಗಂಟೆಗೆ ಮಾತ್ರ ರೂಮು ಸಾಕು ಅಂದದ್ದಕ್ಕೆ ಕೌಂಟರಿನವನು ನನ್ನ ಮುಖ, ನನ್ನ ಹಿಂದಿನ ಬಾಗಿಲು ಎರಡನ್ನೂ ನೋಡಿ, "ಇದು ಫ್ಯಾಮಿಲಿ ಲಾಡ್ಜು ಕಣಮ್ಮ, ಬೇರೆ ಕಡೆ ನೋಡ್ಕೊ" ಅಂದ. ಮೆಟ್ಟಿಲಿಳಿಯುವಾಗ ಅಳು ಬಂತು. ಬೀದಿಯಲ್ಲಿ ಅಳಲು ಕೂಡ ಒಂದು ಒಳ್ಳೆಯ ಜಾಗ ಇರಲಿಲ್ಲ.

ಬುಧವಾರ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಸಣ್ಣಯ್ಯ ಮಾವ ಸಿಕ್ಕರು. ನನ್ನ ಸೋದರತ್ತೆ ಲಕ್ಷ್ಮಿದೇವಮ್ಮನ ಗಂಡ, ಅರಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವವರು. ನನ್ನ ಗೋಳು ಕೇಳಿದವರೇ, "ನಾಲೆ ಮಗ್ಗುಲಲ್ಲಿ ನಮ್ ಹೊಸ ಮನೆ ಖಾಲಿ ಬಿದ್ದದಲ್ಲವ್ವ! ಸುಣ್ಣ ಬಳ್ದಾಗದೆ, ಕರೆಂಟೂ ಬಂದದೆ. ಅಲ್ಲಿ ಕಾಗೆನೂ ಕೂಗಕಿಲ್ಲ" ಅಂದರು.

"ಇನ್ನೂ ಹಾಲುಕ್ಕಿಸಿಲ್ವಲ್ಲ ಮಾವ?"

"ಗೃಹಪ್ರವೇಶ ಕಾರ್ತೀಕಕ್ಕೆ. ನೀನೇನ್ ಅಲ್ಲಿ ಸಂಸಾರ ಹೂಡಿಯಾ? ಕೂತ್ಕಂಡ್ ಮಾತಾಡ್ತೀಯ, ಅಷ್ಟೆ ತಾನೆ."

ಕೇಳಬೇಕಾದದ್ದನ್ನು ನಾನು ಕೇಳಿದ್ದೆ. ಹಾಲುಕ್ಕಿಸದ ಮನೆಯಲ್ಲಿ ನಮ್ಮವರು ಒಂದು ಕಡ್ಡಿಯನ್ನೂ ಗೀರುವುದಿಲ್ಲ. ಮೊದಲ ಬೆಂಕಿ ಹಾಲಿಗೇ ಆಗಬೇಕು, ಆ ಹಾಲು ಉಕ್ಕಿ ಮೂಡಲ ಕಡೆಗೆ ಚೆಲ್ಲಬೇಕು. ಆದರೆ ಮಾವನೇ ಪರವಾಗಿಲ್ಲವೆಂದ ಮೇಲೆ ನನಗೇನು? ವಾರಕ್ಕೆ ಮೂರು ದಿನ ಅತ್ತೆಯ ಮನೆಯಲ್ಲಿದ್ದು ಪಾಠ ಮಾಡುವುದೆಂದು ತಿಮ್ಮೇಶನನ್ನೂ ಒಪ್ಪಿಸಿದೆ. ಮಾವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎನ್ನುವುದು ಮಾತ್ರ ನನಗೆ ನೆನಪಾಗಲಿಲ್ಲ.

ಶುಕ್ರವಾರ ಅತ್ತೆ ನನ್ನ ಹಣೆಗೆ ಕುಂಕುಮವಿಟ್ಟು ಹೊಸ ಮನೆಯ ಬೀಗದ ಕೈ ಕೊಟ್ಟಳು. "ಯಾರೂ ಸದ್ದು ಮಾಡಬಾರದು ಅತ್ತೆ, ನನ್ನ ಬದುಕಿನ ಪ್ರಶ್ನೆ" ಅಂದೆ. "ಪಿಟಿಕ್ ಅನ್ನಕಿಲ್ಲ ಕಣವ್ವ, ಓಗು" ಅಂದಳು.

ಹಾಲ್‌ನಲ್ಲಿ ಸಿಮೆಂಟ್ ಮೂಟೆಗಳ ಮೇಲೆ ಫೋನು ನಿಲ್ಲಿಸಿ, ಬಿಳೀ ಗೋಡೆಗೆ ಬೆನ್ನು ಮಾಡಿ, ಗೋಡೆಯಿಂದ ಎರಡು ಮಾರು ದೂರ ಬಿಟ್ಟು ಕುರ್ಚಿ ಹಾಕಿಕೊಂಡೆ. ಮುಂಬಾಗಿಲಿಗೆ ಚಿಲಕ ಹಾಕಿದೆ. ಹಿತ್ತಲ ಬಾಗಿಲಿಗೆ ಇನ್ನೂ ಚಿಲಕ ಕೂರಿಸಿರಲಿಲ್ಲ.

ಪಾಠ ಶುರುವಾಯಿತು. ಎಷ್ಟು ಚೆನ್ನಾಗಿತ್ತೆಂದರೆ ನನ್ನ ದನಿ ನನಗೇ ಹೊಸದಾಗಿ ಕೇಳಿತು. ನಾನು ಇಷ್ಟು ದಿನ ಅರಚುತ್ತಿದ್ದೆ ಎಂದು ಆಗಲೇ ಗೊತ್ತಾದದ್ದು. ಹೋವಾ, ಬಂದ ಅತಿಥಿಗೆ ಕೋಣೆ ತೋರಿಸುವ ಮಾತುಗಳನ್ನೆಲ್ಲ ಒಂದೂ ತಡವರಿಸದೆ ಹೇಳಿದಳು. ಪರೀಕ್ಷಕಿ ಮೂಲೆಯ ಚೌಕದಲ್ಲಿ ತಲೆದೂಗಿ, ಜಾಗ ಬಹಳ ಚೆನ್ನಾಗಿದೆ ಅಂದಳು. ನನ್ನ ಎದೆ ಹಗುರಾಯಿತು. ಇನ್ನೇನು ಮುಗಿಯುತ್ತಾ ಬಂದಿತ್ತು.

ಆಗ ನನಗೆ ಹೊಗೆಯ ವಾಸನೆ ಬಡಿಯಿತು.

ಫೋನಿನ ಪರದೆಯಲ್ಲಿ ನನ್ನ ಭುಜದ ಹಿಂದೆ ಅತ್ತೆ ಕಂಡಳು. ಜೊತೆಗೆ ಪಕ್ಕದ ಮನೆಯ ಪುಟ್ಟಗೌರಮ್ಮ, ಇನ್ನಿಬ್ಬರು ಮುತ್ತೈದೆಯರು. ಪಾಠದ ಗುಂಗಿನಲ್ಲಿದ್ದ ನನಗೆ ಗೊತ್ತೇ ಆಗದಂತೆ ಹಿತ್ತಲಿಂದ ತುದಿಗಾಲಲ್ಲಿ ಬಂದಿದ್ದರು. ಅಡುಗೆಮನೆಯ ನೆಲದ ಸಿಮೆಂಟು ಹಸಿಯಾಗಿದ್ದರಿಂದ ಹಾಲ್‌ನಲ್ಲೇ, ಬಿಳೀ ಗೋಡೆಯ ಬುಡದಲ್ಲಿ, ನನ್ನ ಕುರ್ಚಿಯ ಮರೆಗೆ ಮೂರು ಇಟ್ಟಿಗೆ ಹೂಡಿ, ಅರಿಸಿನ ಕುಂಕುಮ ಹಚ್ಚಿ, ತೆಂಗಿನ ಗರಿ ಹೊತ್ತಿಸಿ ಹಾಲಿನ ಚೊಂಬು ಇಟ್ಟಿದ್ದರು. ನನಗೆ ಕೊಟ್ಟ ಮಾತಿನಂತೆ ಒಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಕೆಮ್ಮು ಬಂದ ಪುಟ್ಟಗೌರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ನಾನು ಮುಖದ ಮೇಲೆ ನಗು ಹಿಡಿದುಕೊಂಡೇ, ಹೋಗಿ ಎಂದು ಕುರ್ಚಿಯ ಹಿಂದೆ ಕೈ ಬೀಸಿದೆ. ಬೇಗ ಆಗಲಿ ಎಂದೆನೆಂದು ತಿಳಿದು ಅತ್ತೆ ಇನ್ನಷ್ಟು ಜೋರಾಗಿ ಊದಿದಳು. ಹೊಗೆ ದಟ್ಟವಾಯಿತು. "ಟೀಚರ್, ಬೆಂಕಿ! ನಿಮ್ಮ ಹಿಂದೆ ಬೆಂಕಿ!" ಅಂತ ಹೋವಾ ಇಂಗ್ಲಿಷಿನಲ್ಲಿ ಕಿರುಚಿದಳು. ನಾನು ಕಲಿಸಿದ ಇಂಗ್ಲಿಷು. ಪರೀಕ್ಷಕಿ ಏನೋ ಹೇಳಿ, ಕ್ಷಮಿಸಿ ಅಂದಳು. ಮೊದಲು ಅವಳ ಚೌಕ ಹೋಯಿತು. ಬಾಯಿ ತೆರೆದಿದ್ದ ಹೋವಾಳ ಮುಖವೂ ಹೋಯಿತು.

"ಉಕ್ತು!" ಅಂತ ಹೆಂಗಸರು ಅಷ್ಟೊತ್ತು ಕಟ್ಟಿಟ್ಟಿದ್ದ ಉಸಿರನ್ನೆಲ್ಲ ಒಟ್ಟಿಗೆ ಬಿಟ್ಟರು. "ಮೂಡ್ಲಾಗೇ ಉಕ್ತು ಕಣ್ರೇ!"

ತಿರುಗಿ ನಿಂತೆ. ನಾಲ್ಕು ತಾಲ್ಲೂಕು ಸುತ್ತಿ ಕೂಡಿಸಿಟ್ಟ ಸಿಟ್ಟನ್ನೆಲ್ಲ ಅತ್ತೆಯ ಮೇಲೆ ಸುರಿಯಬೇಕೆಂದು ಬಾಯಿ ತೆರೆದೆ. ಅತ್ತೆ ಬಿಸಿ ಹಾಲಿನ ಲೋಟವನ್ನು ಸೆರಗಿನಲ್ಲಿ ಹಿಡಿದು ನನ್ನ ಮುಂದೆ ನಿಂತಿದ್ದಳು. ಕಣ್ಣೆಲ್ಲ ಹೊಗೆಗೆ ಕೆಂಪಾಗಿತ್ತು.

"ಕುಡಿ. ನೀನೇ ಮೊದ್ಲು ಕುಡೀಬೇಕು" ಅಂದಳು. "ನಿಮ್ ಮಾವ ವಿಸ್ಯ ಏಳ್ದಾಗ್ಲಿಂದ ಎದೆ ಡವಡವ ಅಂತಿತ್ತು. ಆಲುಕ್ಕುಸ್ದಿರೋ ಮನೇಲಿ ನಮ್ ಎಣ್ಮಗ ಬದ್ಕು ಶುರು ಮಾಡುದ್ರೆ ಏಳ್ಗೆ ಆದದಾ? ಅದುಕ್ಕೆ, ನೀನ್ ಕೂತಿರೋವಾಗ್ಲೇ ಉಕ್ಬೇಕು ಅಂತ ಬಂದೊ. ನಮ್ದು ಕಾರ್ತೀಕದಲ್ಲಿ ಎಂಗೋ ಆಯ್ತದೆ. ಒಂದ್ ಮಾತಾಡ್ನಿಲ್ಲ ಕಣವ್ವ, ಕೆಮ್ಮೂ ಬುಡ್ನಿಲ್ಲ ನಾವು."

ತನ್ನ ಮನೆಯ ಮೊದಲ ಹಾಲನ್ನು ಅವಳು ನನ್ನ ಪಾಠಕ್ಕೆ ಕೊಟ್ಟಿದ್ದಳು. ಕುಡಿದೆ, ನಾಲಗೆ ಸುಟ್ಟಿತು.

"ಆ ಮಗ ಏನಂದ್ಲು?"

"ಹೋದ್ಲು ಅತ್ತೆ. ಇನ್ನು ಬರಲ್ಲ."

"ಬತ್ತಾಳೆ ಬುಡು. ಮೂಡ್ಲಾಗೇ ಉಕ್ತಲ್ಲ, ಎಲ್ಲೋದಾಳು?" ಅಂದು ನನ್ನ ಕೈಯಲ್ಲಿದ್ದ ಬೀಗದ ಕೈಯನ್ನು ಬೆರಳು ಮಡಚಿ ಮುಚ್ಚಿದಳು. "ಇದ ನೀನೇ ಮಡೀಕೊ. ಇನ್ಮ್ಯಾಕೆ ಇಲ್ಲೊಂದ್ ಕ್ವಾಣೆ ನಿಂದೇ. ಕಾರ್ತೀಕ ಆದ್ಮೇಲೂವೆ."

ಇಟ್ಟಿಗೆ, ಚೊಂಬು ಎತ್ತಿಕೊಂಡು ಹೆಂಗಸರು ಹಿತ್ತಲಿಗೆ ಹೋದರು. ಖಾತೆ ಮುಚ್ಚಲಾಗಿದೆ ಎಂದು ಫೋನಿನಲ್ಲಿ ಎರಡು ಸಾಲು ಬಂತು. ಗೋಡೆಯ ಮೇಲೆ ಆಳೆತ್ತರಕ್ಕೆ ಮಸಿ ಹಿಡಿದಿತ್ತು. ನಾನು ಮತ್ತೆ ಆ ಕುರ್ಚಿಯಲ್ಲೇ ಕೂತೆ. ಹೋವಾಗೆ ನಾನು ಸುಟ್ಟುಹೋಗಲಿಲ್ಲ ಎಂದು ತಿಳಿಸಲು ಕೂಡ ದಾರಿ ಇರಲಿಲ್ಲ.

ಹೊರಗೆ ಪುಟ್ಟಗೌರಮ್ಮ ಏನೋ ಹೇಳಿ ನಕ್ಕಳು. ಕೂಡಲೇ ಅತ್ತೆ ಗದರಿದ್ದು ಕೇಳಿಸಿತು.

"ಶ್! ಮೆತ್ತುಗ್ ಮಾತಾಡ್ರೇ. ಒಳಗೆ ನಮ್ ಸುಧ ಪಾಠ ಮಾಡ್ತಾವ್ಳೆ."