ದೀಪದ ದೊರೆಯ ಎಲೆ

ಕಾರ್ಕಳದ ಯಜ್ಞನಾರಾಯಣ ಮಾಸ್ಟ್ರಿಗೆ ನಿವೃತ್ತಿಯಾದ ಮೇಲೆ ಹಿಡಿದ ಹುಚ್ಚು ಯಾರಿಗೂ ಬೇಡ. ಓರಗೆಯವರೆಲ್ಲ ಕಾಶಿ, ರಾಮೇಶ್ವರ ಎಂದು ಟಿಕೆಟು ಮಾಡಿಸುತ್ತಿದ್ದರೆ ಇವರು ಒಂದು ಕೊಡೆ, ಒಂದು ನೋಟ್‌ಬುಕ್ಕು ಹಿಡಿದು ಊರೂರಿನ ಹಳೆಯ ಗೋರಿಗಳನ್ನು ನೋಡಲು ಹೊರಡುತ್ತಿದ್ದರು. ತಲಶ್ಶೇರಿ, ಕಣ್ಣೂರು, ಮಂಗಳೂರು ಆಗಿತ್ತು. ಉಡುಪಿಯ ಮಿಶನ್ ಸ್ಮಶಾನದಲ್ಲಂತೂ ಮಲಗಿದವರೆಲ್ಲ ಅವರಿಗೆ ಹೆಸರು ಹಿಡಿದು ಪರಿಚಯ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಗೋರಿಕಲ್ಲಿನಷ್ಟು ಚೊಕ್ಕ ಇಂಗ್ಲಿಷನ್ನು ಬದುಕಿರುವವರು ಬರೆಯುವುದಿಲ್ಲ ಎಂಬುದು ಅವರ ವಾದ.

ಹೆಂಡತಿ ವನಜಾಕ್ಷಿಗೆ ಈ ವಾದ ಬೇಕಾಗಿರಲಿಲ್ಲ. ಗೋರಿ ನೋಡಿ ಬಂದ ಗಂಡ ಹೊಸ್ತಿಲು ತುಳಿಯುವ ಹಾಗಿಲ್ಲ; ನೇರ ಬಾವಿಕಟ್ಟೆಗೆ ಹೋಗಿ ನಿಲ್ಲಬೇಕು. ಆಕೆ ಕೊಡ ಎತ್ತಿ ತಲೆಗೆ ಸುರಿಯುವಳು. ಎಲ್ಲಿಗೆ ಹೋಗಿದ್ದಿರಿ, ಏನು ನೋಡಿದಿರಿ ಎಂದು ಒಂದು ಮಾತು ಕೇಳುವವಳಲ್ಲ. ಮಾಸ್ಟ್ರಿಗೆ ತಣ್ಣೀರಿಗಿಂತ ಆ ಮೌನವೇ ಹೆಚ್ಚು ಕೊರೆಯುತ್ತಿತ್ತು.

ಎಂಬತ್ತೆರಡನೆಯ ಇಸವಿ, ಮಳೆ ಹಿಂದೆ ಸರಿದಿದ್ದ ಸೆಪ್ಟೆಂಬರು. ಕಾಪುವಿನ ದೀಪಸ್ತಂಭದಿಂದ ಸ್ವಲ್ಪ ತೆಂಕಕ್ಕೆ, ಗಾಳಿಮರಗಳ ನಡುವೆ ಐದಾರು ಗೋರಿಗಳಿವೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು. ಮಾಸ್ಟ್ರು ಹೋಗಿ ನೋಡಿದರೆ ಎಲ್ಲವೂ ಮರಳಿನಲ್ಲಿ ಅರ್ಧ ಹೂತಿವೆ, ಒಂದು ಮಾತ್ರ ಸುಣ್ಣ ಬಳಿಸಿಕೊಂಡು ಬೆಳ್ಳಗೆ ನಿಂತಿದೆ. ಅದರ ಮುಂದೆ ಮುದುಕಿಯೊಬ್ಬಳು ಬಾಳೆಲೆ ಹಾಸಿ ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಹುರಿದ ಬಂಗುಡೆ ಮೀನು ಬಡಿಸುತ್ತಿದ್ದಳು. ಪಕ್ಕದಲ್ಲಿ ಒಂದು ಲೋಟ ಕಳ್ಳು. ಸತ್ತ ಹಿರಿಯರಿಗೆ ಹೀಗೆ ಅಗೆಲು ಬಡಿಸುವುದನ್ನು ಮಾಸ್ಟ್ರು ಬಲ್ಲರು. ಆದರೆ ಶಿಲುಬೆಯ ಮುಂದೆ ಬಡಿಸಿದ್ದನ್ನು ಕಂಡದ್ದು ಇದೇ ಮೊದಲು.

"ಇದು ಯಾರಿಗಮ್ಮ?"

"ದೀಪದ ದೊರೆಗೆ," ಎಂದಳು ಮುದುಕಿ. ಅವಳು ಅಪ್ಪಿ, ಮೀನು ಮಾರುವವಳು. ಕೇಳುವವರು ಸಿಕ್ಕಿದ್ದೇ ತಡ, ಕತೆ ಬಿಚ್ಚಿದಳು. ಅವಳ ಅಪ್ಪ ಅಂಗಾರನ ದೋಣಿ ಒಮ್ಮೆ ದಡದ ಹತ್ತಿರವೇ ಮಗುಚಿತಂತೆ. ದೀಪಸ್ತಂಭದ ಬಿಳಿಯ ದೊರೆ ಸೊಂಟಕ್ಕೆ ಹಗ್ಗ ಕಟ್ಟಿ ಹಾರಿ ಅವನನ್ನು ಎಳೆದು ತಂದನಂತೆ. ಮರುವರ್ಷ ಅಂಗಾರ ಗಂಗೊಳ್ಳಿಗೆ ದುಡಿಯಲು ಹೋಗಿ ಬರುವಷ್ಟರಲ್ಲಿ ಬಂಗಲೆಯಲ್ಲಿ ದೊರೆ ಇಲ್ಲ. ಇಲ್ಲಿ ಹೊಸ ಗೋರಿ ಎದ್ದಿದೆ.

"ಅಪ್ಪ ಅವತ್ತೇ ಎಲೆ ಹಾಕಿದರು. ಸಾಯುವಾಗ ನನ್ನ ಕೈ ಹಿಡಿದು, ದೊರೆಯ ಎಲೆ ತಪ್ಪಿಸಬೇಡ, ನಮ್ಮ ದೋಣಿ ಅವರು ಕಾಯ್ತಾರೆ ಅಂದರು. ನಾನು ಒಂದು ವರ್ಷವೂ ತಪ್ಪಿಸಲಿಲ್ಲ. ನಾಳೆ ನನ್ನ ಮಗ ವಾಸು ಹೊಸ ಬೋಟು ಇಳಿಸ್ತಾನೆ ಮಾಸ್ಟ್ರೇ. ಇಷ್ಟು ವರ್ಷ ಬರೀ ದೊರೆ, ದೊರೆ ಅಂತ ಕರೆದದ್ದು. ಈ ಸಲ ಹೆಸರು ಹಿಡಿದು ಕರೀಬೇಕು ಅಂತ ಆಸೆ. ಕಲ್ಲಿನಲ್ಲಿ ಎಂತ ಉಂಟು, ಸ್ವಲ್ಪ ಓದಿ ಹೇಳ್ತೀರಾ?"

ಓದಲು ಅಕ್ಷರ ಕಾಣಬೇಕಲ್ಲ! ವರ್ಷ ವರ್ಷವೂ ಭಕ್ತಿಯಿಂದ ಬಳಿದ ಸುಣ್ಣ ಅಕ್ಷರಗಳನ್ನು ನುಂಗಿ ಕುಳಿತಿತ್ತು. ಮಾಸ್ಟ್ರು ಮನೆಯ ಬೀಗದ ಕೈಯಿಂದ ಕೆರೆಯತೊಡಗಿದರು. ಸಾಲುಗಳು ಒಂದೊಂದಾಗಿ ಹೊರಬಂದ ಹಾಗೆ ಅವರ ಮುಖ ಇಳಿಯಿತು.

ಈಡಿತ್. ಪ್ರಾಯ ಆರು ವರ್ಷ ನಾಲ್ಕು ತಿಂಗಳು. ದೀಪಸ್ತಂಭದ ಅಧಿಕಾರಿ ಹೆನ್ರಿ ತಾಮಸನ ಒಬ್ಬಳೇ ಮಗಳು.

ಮಾಸ್ಟ್ರು ಪೇಚಿಗೆ ಸಿಕ್ಕಿಕೊಂಡರು. ನಾಳೆ ಮಗನ ಬೋಟು ಕಡಲಿಗಿಳಿಯುವಾಗ, ನೀನು ಬಡಿಸಿದ್ದೆಲ್ಲ ಬೇರೆಯವರಿಗೆ ಎಂದು ಈ ತಾಯಿಗೆ ಹೇಗೆ ಹೇಳುವುದು? ಹೆನ್ರಿ ತಾಮಸ್ ಎಂದಷ್ಟೇ ಓದಿಬಿಟ್ಟರೆ ಸುಳ್ಳೂ ಅಲ್ಲ, ಹೆಸರು ಕಲ್ಲಿನ ಮೇಲೆ ಇದ್ದೇ ಇದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಕೂಸನ್ನು ಇನ್ನೂ ಎಷ್ಟು ವರ್ಷ ಅಪ್ಪನ ಹೆಸರಿನಿಂದ ಕರೆಯುವುದು ಎಂದು ಅನಿಸಿತು. ಇದ್ದದ್ದನ್ನು ಇದ್ದ ಹಾಗೆ ಓದಿದರು.

ಅಪ್ಪಿ ಕಲ್ಲನ್ನೂ ಮಾಸ್ಟ್ರನ್ನೂ ನೋಡಿದಳು. ಆಮೇಲೆ ಎದೆಗೆ ಕೈಯಿಟ್ಟು, "ಅಯ್ಯಯ್ಯೋ! ಮಗುವಿಗೆ ಕಳ್ಳು ಕುಡಿಸಿದೆನಲ್ಲ!" ಎಂದು ಕೂಗಿ, ಲೋಟ ಕಿತ್ತುಕೊಂಡು ಗಾಳಿಮರದ ಬುಡಕ್ಕೆ ಚೆಲ್ಲಿದಳು. "ಈ ಸಾರಿನ ಖಾರಕ್ಕೆ ನನ್ನ ಮಗನೇ ಬಾಯಿ ಬಾಯಿ ಬಡಕೊಳ್ತಾನೆ. ಆರು ವರ್ಷದ್ದು ಹೇಗೆ ತಿಂದೀತು ಮಾರಾಯ್ರೇ!"

ಮಾಸ್ಟ್ರಿಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕದ್ದು ಕಂಡು ಅಪ್ಪಿಯೂ ನಕ್ಕಳು, ನಗುತ್ತ ನಗುತ್ತ ಮುಖ ಸಣ್ಣದಾಯಿತು. "ಹಾಗಾದ್ರೆ ದೊರೆಗೆ ಒಂದು ತುತ್ತೂ ಸೇರಲಿಲ್ಲ ಅಲ್ವಾ? ಅಪ್ಪನ ಮಾತು ನಡೆಸಲಿಕ್ಕೆ ನನ್ನಿಂದ ಆಗಲಿಲ್ಲ. ನಾಳೆ ವಾಸುವನ್ನು ಯಾರು ನೋಡ್ತಾರೆ?"

"ಅಪ್ಪಿ, ಇಲ್ಲಿ ಕೇಳಿ," ಎಂದರು ಮಾಸ್ಟ್ರು. "ಆ ದೊರೆ ಇದ್ದ ಒಬ್ಬಳು ಮಗಳನ್ನು ಈ ಮರಳಿನಲ್ಲಿ ಬಿಟ್ಟು ತನ್ನೂರಿನ ಹಡಗು ಹತ್ತಿರಬೇಕು. ನನ್ನ ಮಗುವಿಗೆ ಇನ್ನು ಯಾರು ಗತಿ ಅಂತ ಅವನು ಎಷ್ಟು ಅತ್ತಿರಬೇಕು! ನೀವು ಅಪ್ಪ ಮಗಳು ಸೇರಿ ಅವಳನ್ನು ಸಾಕಿದಿರಿ. ಅವನಿಗೇ ಬಡಿಸಿದ್ದರೂ ಅವನ ಹೊಟ್ಟೆ ಇಷ್ಟು ತುಂಬುತ್ತಿರಲಿಲ್ಲ."

ಅಪ್ಪಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾರು ಸುರಿದ ಅನ್ನವನ್ನು ಬದಿಗೆ ಸರಿಸಿ ಬೆಳ್ಳಗಿನ ಅನ್ನ ಬಡಿಸಿದಳು, ಬಂಗುಡೆಯ ಮುಳ್ಳು ಬಿಡಿಸಿಟ್ಟಳು. "ಎಲೆಯಲ್ಲಿ ಒಂದು ಸಿಹಿ ಇಲ್ಲವಲ್ಲ," ಎಂದು ಚಡಪಡಿಸಿದಳು. ಮಾಸ್ಟ್ರು ಚೀಲ ತಡಕಿ, ವನಜಾಕ್ಷಿ ಕಟ್ಟಿಕೊಟ್ಟಿದ್ದ ಎಳ್ಳುಂಡೆ ತೆಗೆದು ಎಲೆಯ ತುದಿಗಿಟ್ಟರು.

"ಈಡಿತ್ ಮಗಾ, ಬಾ, ಊಟ ಮಾಡು," ಅಪ್ಪಿ ಗಟ್ಟಿಯಾಗಿ ಕರೆದಳು. "ನಾಳೆ ಅಣ್ಣನ ಬೋಟು ಹೊರಡ್ತದೆ. ನೋಡಿಕೋ."

ಉಣ್ಣುವವರನ್ನು ನೋಡಬಾರದು ಎಂದು ಇಬ್ಬರೂ ಕಡಲ ಕಡೆಗೆ ಮುಖ ಮಾಡಿ ಕುಳಿತರು.

ಸಂಜೆ ಕಾರ್ಕಳದ ಬಾವಿಕಟ್ಟೆಯಲ್ಲಿ ಮೊದಲ ಕೊಡ ತಲೆಗೆ ಬಿತ್ತು. ವನಜಾಕ್ಷಿ ಎಂದಿನಂತೆ ಏನೂ ಕೇಳಲಿಲ್ಲ. ಮಾಸ್ಟ್ರು ಚಳಿಗೆ ಹಲ್ಲು ಕಟಕಟಿಸುತ್ತಲೇ ಎಲ್ಲವನ್ನೂ ಹೇಳಿದರು. ಎರಡನೆಯ ಕೊಡ ಆಕೆಯ ಕೈಯಲ್ಲೇ ನಿಂತುಬಿಟ್ಟಿತು.

"ಆರು ವರ್ಷವಾ?"

"ಆರು ವರ್ಷ ನಾಲ್ಕು ತಿಂಗಳು."

"ನಾನು ನಾಲ್ಕು ಎಳ್ಳುಂಡೆ ಕಟ್ಟಿದ್ದೆ. ಎಷ್ಟು ಕೊಟ್ಟಿರಿ?"

"ಒಂದು. ಮೂರನ್ನು ಬಸ್ಸಿನಲ್ಲೇ..."

ಕೊಡದ ನೀರೆಲ್ಲ ಒಮ್ಮೆಲೇ ಅವರ ತಲೆಯ ಮೇಲೆ ಸುರಿಯಿತು.

"ಬರುವ ವರ್ಷ ನಾನೂ ಬರ್ತೇನೆ," ಎಂದಳು ವನಜಾಕ್ಷಿ. "ನಿಮ್ಮನ್ನು ನಂಬಿದರೆ ಮಗು ಉಪವಾಸ. ಬಂದ ಮೇಲೆ ಇಬ್ಬರೂ ಮಿಂದರಾಯ್ತು."