ನಾಲ್ಕನೆಯ ತುಂಡು

ಊರು ಉಪಕಾರವರಿಯದು, ಹೆಣ ಸೆಕೆಯರಿಯದು. ಗಾದೆ ಹೀಗಿಲ್ಲವಲ್ಲ ಎನ್ನುವವರು ತಮ್ಮ ಗಾದೆಯನ್ನು ತಾವೇ ಇಟ್ಟುಕೊಳ್ಳಲಿ. ಕತೆಯಂತೂ ನಡೆದದ್ದೇ, ಎಲ್ಲೂ ಕತ್ತರಿ ಆಡಿಸಿಲ್ಲ.

ರೂಯ್-ಯುನ್ ಸತ್ತ ತಾಯಿಯನ್ನು ಮಲಗಿಸಿದ್ದ ಫ್ರೀಜರ್ ಪೆಟ್ಟಿಗೆಯ ಪ್ಲಗ್ಗನ್ನು ಗೋಡೆಯಿಂದ ಕಿತ್ತಳು. ಒಂಬತ್ತು ದಿನಗಳಿಂದ ಗುಂಯ್‌ಗುಡುತ್ತಿದ್ದ ಪೆಟ್ಟಿಗೆ ಒಮ್ಮೆ ನಡುಗಿ ಸುಮ್ಮನಾಯಿತು. ಗಾಜಿನಡಿಯಲ್ಲಿ ಯೆನ್ ಪಾವ್-ಚು ತನ್ನ ಅರವತ್ತೆಂಟು ವರ್ಷದ ಮೂಗನ್ನು ಮೇಲೆ ಮಾಡಿ ಮಲಗಿದ್ದಳು.

"ಏನ್ ಮಾಡ್ದೆ ಯುನ್?" ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಿಯೆನ್ ಚಿಕ್ಕಿ ಕೇಳಿದಳು. ಪಕ್ಕದ ಮನೆಯವಳು, ನಲವತ್ತು ವರ್ಷದಿಂದ ಕಡಲಲ್ಲಿ ಬಿದಿರು ನೆಟ್ಟು ಸಿಂಪಿ ಬೆಳೆಯುತ್ತಿದ್ದವಳು.

"ಫ್ಯೂಸ್ ಎರಡ್ಸಲ ಹೋಯ್ತು ಚಿಕ್ಕಿ. ಟೀ ಬಾಯ್ಲರು, ದೀಪದ ಸಾಲು, ಮಂತ್ರ ಹೇಳೋ ಡಬ್ಬಿ, ಅಮ್ಮನ ಪೆಟ್ಟಿಗೆ, ಕಂಪ್ಯೂಟರು. ಐದೂ ಒಟ್ಟಿಗೆ ತಡ್ಕೊಳಲ್ಲ ಈ ಮನೆ. ಯಾವ್ದಾದ್ರೂ ಒಂದು ಹೋಗ್ಬೇಕು."

"ಅದಕ್ಕೆ ಹೆತ್ತೋಳನ್ನೇ ಕಿತ್ಯಾ?"

"ಹತ್ತು ಗಂಟೆಗೆ ಹೇಗೂ ಮರದ ಪೆಟ್ಟಿಗೆಗೆ ಹೋಗ್ತಾಳೆ. ಒಂದೂವರೆ ಗಂಟೆ ತಡ್ಕೋತಾಳೆ ಬಿಡಿ. ಬದುಕಿದ್ದಾಗ ಬೇಸಿಗೇಲೂ ಫ್ಯಾನ್ ಹಾಕಿದೋಳಲ್ಲ."

ಸೆಣಬಿನ ಸೂತಕದ ಟೊಪ್ಪಿಗೆಯನ್ನು ಹಿಂದಕ್ಕೆ ತಳ್ಳಿ ರೂಯ್-ಯುನ್ ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಬಸವನ ಹುಳುವಿಗೂ ನಾಚಿಕೆಯಾಗುವಷ್ಟು ನಿಧಾನವಾಗಿ ತೆವಳತೊಡಗಿತು. ತುಂಡು ನಾಲ್ಕು: ನೂರಕ್ಕೆ ಒಂದು.

ಬೆಳಿಗ್ಗೆ ಏಳಕ್ಕೆ ಜಿಲ್ಲಾ ಕಚೇರಿಯಿಂದ ಪತ್ರ ಬಂದಿತ್ತು. ಆಕ್ಷೇಪಣೆಯ ಒಂಬತ್ತು ವಿಡಿಯೋ ತುಂಡುಗಳಲ್ಲಿ ನಾಲ್ಕನೆಯದು ತಲುಪಿಲ್ಲ. ಇಂದು ಮಧ್ಯಾಹ್ನ ಹನ್ನೆರಡಕ್ಕೆ ಜಾಲತಾಣ ಮುಚ್ಚುತ್ತದೆ. ಒಂದು ತುಂಡು ಇಲ್ಲವಾದರೂ ಉಳಿದವು ಲೆಕ್ಕಕ್ಕಿಲ್ಲ. ಅಂದರೆ ಕಡಲೊಳಗಿನ ಸಿಂಪಿಯ ಹಾಸುಗಳು, ಮಿಯೆನ್ ಚಿಕ್ಕಿಯದೂ ಸೇರಿ ಮೂವತ್ತೊಂದು ಮನೆಯವು, ಹೊಸ ಬಂದರು ಕಟ್ಟುವ ಕಂಪನಿಯ ಪಾಲು. ಈಗ ಎಂಟೂವರೆ. ಈ ಊರಿನ ತಂತಿಯಲ್ಲಿ ಒಂದು ತುಂಡು ಹೋಗಲು ಮೂರು ಗಂಟೆ ಬೇಕು. ಕಡಲ ಕಡೆ ಮೊಬೈಲು ಅಷ್ಟಕ್ಕಷ್ಟೇ. ಸೂತಕದವಳು ಇನ್ನೊಬ್ಬರ ಮನೆಯ ಹೊಸ್ತಿಲು ದಾಟುವಂತಿಲ್ಲ. ಮಧ್ಯೆ ಕರೆಂಟು ಹೋದರೆ ಮತ್ತೆ ಒಂದರಿಂದ ಶುರು.

"ಪೆಟ್ಟಿಗೆ ಯಾಕೆ ಸದ್ದು ಮಾಡ್ತಿಲ್ಲ?"

ಕ್ವೆಯ್-ಫಾ ಮಾವ ಬಂದಿದ್ದ. ಪಾವ್-ಚುವಿನ ಒಬ್ಬನೇ ತಮ್ಮ, ಊರಿನ ಮುಖಂಡ. ಅಕ್ಕನ ಸಾವಿಗೂ ಅವನು ಬೆನ್ನಮೇಲೆ ಹೆಸರು, ಹುದ್ದೆ ಹೊಲಿಸಿದ ತೋಳಿಲ್ಲದ ಕೋಟನ್ನೇ ಹಾಕಿಕೊಂಡು ಬಂದಿದ್ದ. ಗೋಡೆ ನೋಡಿದ, ಪ್ಲಗ್ ನೋಡಿದ, ಪರದೆ ನೋಡಿದ.

"ನಾಲ್ಕು," ಎಂದ ಮೆಲ್ಲಗೆ. "ಅದನ್ನೇ ಹಾಕ್ತಿದೀಯಾ?"

"ಅದೊಂದೇ ಉಳಿದಿದ್ದು ಮಾವ."

"ಅದು ಉಳೀಲಿ ಅಂತ ದೇವರೇ ಉಳಿಸಿದ್ದು. ತೆಗಿ."

"ತೆಗೆಯಲ್ಲ."

"ನೋಡಮ್ಮ ರೂಯ್-ಯುನ್," ಅವನು ಸಭೆಯ ದನಿಗೆ ಬಂದ. "ತಾಯಿ ಸತ್ತರೆ ತವರಿನೋರ ಮಾತೇ ಕೊನೇ ಮಾತು. ನಾನು ಮೊಳೆ ಹೊಡೀದೆ ಮರದ ಪೆಟ್ಟಿಗೆ ಮುಚ್ಚಲ್ಲ. ಗೊತ್ತಲ್ಲ?"

"ಗೊತ್ತು ಮಾವ."

"ಆ ಮಷೀನು ನಿಲ್ಲೋ ತನಕ ನಾನು ಸುತ್ತಿಗೆ ಮುಟ್ಟಲ್ಲ."

*

ಪಾವ್-ಚು ಮೂವತ್ತೆರಡು ವರ್ಷ ಆ ಊರಿನ ಮದುವೆಗಳನ್ನು, ಮನೆ ತುಂಬುವುದನ್ನು, ಸಾವುಗಳನ್ನು ವಿಡಿಯೋ ಮಾಡಿದವಳು. ಅವಳಿಗೆ ಒಂದು ದುರಭ್ಯಾಸ: ಏನನ್ನೂ ಕತ್ತರಿಸುತ್ತಿರಲಿಲ್ಲ. ಮದುಮಗ ಉಂಗುರ ಹುಡುಕಿದ ಹನ್ನೊಂದು ನಿಮಿಷ, ಬೀಗರು ಸೀಗಡಿಯ ತಟ್ಟೆಗಾಗಿ ಜಗಳವಾಡಿದ ಇಪ್ಪತ್ತು ನಿಮಿಷ, ಎಲ್ಲವೂ ಇದ್ದ ಹಾಗೇ. "ಚಂದ ಮಾಡಿಕೊಡು ಅಕ್ಕ" ಎಂದು ಕೇಳಿದವರಿಗೆ, "ಚಂದ ಮಾಡೋಕೆ ಬ್ಯೂಟಿ ಪಾರ್ಲರ್ ಇದೆ, ನಂದು ವಿಡಿಯೋ ಅಂಗಡಿ" ಎನ್ನುತ್ತಿದ್ದಳು.

ಬಂದರಿನ ಬಗ್ಗೆ ಊರವರ ಅಹವಾಲು ಕೇಳಲು ಕರೆದ ಸಭೆಗೂ ಅವಳು ಕ್ಯಾಮೆರಾ ಹೊತ್ತು ಹೋದಳು. ನಾಲ್ಕೂವರೆ ಗಂಟೆಯ ಸಭೆ. ಮೂವತ್ತೊಂದು ಜನ ಎದ್ದು ನಿಂತು ಬೇಡ ಎಂದರು. ವೇದಿಕೆಯ ಮೇಲೆ ಅಧ್ಯಕ್ಷನ ಕುರ್ಚಿಯಲ್ಲಿದ್ದ ಕ್ವೆಯ್-ಫಾ ಕೊನೆಯಲ್ಲಿ ಮುಂದೆ ಬಂದ ಕಾಗದಕ್ಕೆ ಸಹಿ ಹಾಕಿದ. 'ಯಾರೂ ಆಕ್ಷೇಪಿಸಲಿಲ್ಲ' ಎಂದು ಅದರಲ್ಲಿ ಬರೆದಿತ್ತು. ಊರು ಅವನನ್ನು ಕಂಪನಿಯ ಸಾಕುನಾಯಿ ಎಂದು ಕರೆಯಿತು. ಎದುರಿಗಲ್ಲ, ಅವನು ಬೆನ್ನು ತಿರುಗಿಸಿದ ಮೇಲೆ, ಕೋಟಿನ ಮೇಲಿನ ಹೆಸರನ್ನು ನೋಡುತ್ತ.

ಜಿಲ್ಲಾ ಕಚೇರಿಯ ಜಾಲತಾಣ ಅರ್ಧ ಜಿಬಿಗಿಂತ ದೊಡ್ಡ ಫೈಲನ್ನು ನುಂಗುತ್ತಿರಲಿಲ್ಲ. ಪಾವ್-ಚುವಿನದು ಮೂವತ್ತು ಜಿಬಿ. ಅವಳು ಮೂರು ವಾರ ಕೂತು ಕಲಿತಳು. "ಚಿತ್ರ ಕುಗ್ಗಿಸ್ಬೋದು, ಕಾಲ ಕುಗ್ಗಿಸಬಾರ್ದು," ಎಂದು ಮಗಳಿಗೆ ಫೋನಿನಲ್ಲಿ ಹೇಳಿದಳು. ಅಗಲ ಇಳಿಸಿದಳು, ಬಣ್ಣದ ಹೊಳಪು ಇಳಿಸಿದಳು, ದನಿಯನ್ನು ಮಾತ್ರ ಮುಟ್ಟಲಿಲ್ಲ. ಆಮೇಲೆ ಒಂಬತ್ತು ತುಂಡು ಮಾಡಿದಳು. ಪ್ರತಿ ತುಂಡೂ ಹಿಂದಿನ ತುಂಡಿನ ಕೊನೆಯ ಹತ್ತು ಸೆಕೆಂಡಿನಿಂದಲೇ ಶುರುವಾಗುತ್ತಿತ್ತು, ಹೆಂಚಿನ ಮೇಲೆ ಹೆಂಚು ಕೂರಿಸಿದ ಹಾಗೆ. ನಡುವೆ ಏನೋ ಸೋರಿತು ಎಂದು ಯಾರೂ ಹೇಳಬಾರದು.

ನಾಲ್ಕನೆಯ ತುಂಡಿನಲ್ಲಿ ಮಿಯೆನ್ ಮಾತಾಡುತ್ತಾಳೆ, ಇನ್ನೂ ಹದಿನೇಳು ಜನ ಮಾತಾಡುತ್ತಾರೆ. ಅವರ ಹಿಂದೆ ಕ್ವೆಯ್-ಫಾ ಬಾಯಿ ತೆರೆದು ಮಲಗಿದ್ದಾನೆ. ಮೂವತ್ತು ನಿಮಿಷವೂ ಗೊರಕೆ. ಮೈಕು ಅವನ ಮೂಗಿನ ಮುಂದೆಯೇ ಇತ್ತು.

"ಅಕ್ಕ, ಅದೊಂದು ತೆಗೆದುಬಿಡು," ಎಂದು ಅವನು ಸಿಹಿಗೆಣಸಿನ ಬುಟ್ಟಿ ಹಿಡಿದು ಬಂದಿದ್ದ. "ಮುಂದಿನ ಚುನಾವಣೆಗೆ ಇದನ್ನೇ ಬೀದಿಬೀದಿಲಿ ಹಾಕ್ತಾರೆ."

"ಗೆಣಸು ಇಟ್ಟು ಹೋಗು," ಎಂದಿದ್ದಳು ಪಾವ್-ಚು. "ಕತ್ತರಿ ಹಾಕಲ್ಲ."

*

"ಅವಳನ್ನೇ ಕೇಳೋಣ," ಎಂದ ಕ್ವೆಯ್-ಫಾ.

ಒಂಬತ್ತೂವರೆಯಾಗಿತ್ತು. ಪಟ್ಟಿ ನೂರಕ್ಕೆ ಮೂವತ್ತೆರಡು. ಬೀದಿಗೆ ಅಡ್ಡಲಾಗಿ ಹಾಕಿದ ಚಪ್ಪರದಲ್ಲಿ ಜನ ಸೇರುತ್ತಿದ್ದರು. ಅವನು ಜೇಬಿನಿಂದ ಹತ್ತು ಯುವಾನಿನ ಎರಡು ನಾಣ್ಯ ತೆಗೆದು, ಊದುಬತ್ತಿಯ ಹೊಗೆಯಲ್ಲಿ ತೋರಿಸಿ, ಪೆಟ್ಟಿಗೆಯ ಮುಂದೆ ಮಂಡಿಯೂರಿದ. ಒಂದು ತಲೆ ಒಂದು ಬಾಲ ಬಿದ್ದರೆ ಸತ್ತವರು ಹೌದು ಅಂದಂತೆ. ಎರಡೂ ಬಾಲವಾದರೆ ಇಲ್ಲ. ಎರಡೂ ತಲೆಯಾದರೆ ಅವರು ನಗುತ್ತಿದ್ದಾರೆ, ಮತ್ತೆ ಕೇಳಬೇಕು.

"ಅಕ್ಕ, ನಿನಗೆ ಸೆಕೆ ಆಗ್ತಿದೆ, ಮಷೀನು ನಿಲ್ಲಿಸಿ ನಿನ್ನ ಪೆಟ್ಟಿಗೆಗೆ ಕರೆಂಟು ಕೊಡ್ಲಾ?"

ಎರಡು ತಲೆ.

"ಸರಿಯಾಗಿ ಕೇಳು," ಎಂದಳು ಮಿಯೆನ್. "ಪ್ರಶ್ನೆ ಕೇಳು, ಭಾಷಣ ಬೇಡ."

"ನಿಲ್ಲಿಸ್ಲಾ ಅಕ್ಕ?"

ಎರಡು ತಲೆ.

"ನಗ್ತಿದಾಳೆ ಕಣೋ."

"ನೀನು ಟೀ ಕೊಡು ಹೋಗು." ಅವನು ಮೂರನೆಯ ಸಲ ಎಸೆದ. ಒಂದು ನಾಣ್ಯ ಬಾಲವಾಗಿ ಬಿತ್ತು. ಇನ್ನೊಂದು ಉರುಳಿ, ರೂಯ್-ಯುನ್ ಕಾಲಿನ ಹತ್ತಿರ ಬಾಲವಾಗಿಯೇ ಮಲಗಿತು. ಇಲ್ಲ.

ಕ್ವೆಯ್-ಫಾ ಎದ್ದು ಮಂಡಿಯ ಧೂಳು ಕೊಡವಿದ. "ಸತ್ತೋಳಿಗೇನು, ಇಲ್ಲ ಅಂತಾಳೆ. ಬದುಕಿರೋನು ನಾನು. ಸುತ್ತಿಗೆ ನಂದು."

ಹತ್ತು ಗಂಟೆಗೆ ಪಾವ್-ಚುವನ್ನು ಮರದ ಪೆಟ್ಟಿಗೆಗೆ ಇಳಿಸಿದರು. ಖಾಲಿಯಾದ ಫ್ರೀಜರನ್ನು ಬಾಡಿಗೆಯವರು ಹೊತ್ತುಕೊಂಡು ಹೋದರು.

"ಹನ್ನೊಂದೂಮುಕ್ಕಾಲರ ಒಳಗೆ ಮೊಳೆ ಬೀಳಬೇಕು," ಎಂದ ಪುರೋಹಿತ. "ಅದರ ಮೇಲೆ ಗಳಿಗೆ ಕೆಟ್ಟದ್ದು, ಮಕ್ಕಳಿಗೆ ಆಗಿಬರಲ್ಲ."

ಚಪ್ಪರದ ಹಿಂದಿನ ಸಾಲಿನಲ್ಲಿ ಪಿಸುಮಾತು ಶುರುವಾಯಿತು.

"ತಾಯಿ ಮುಖ್ಯಾನಾ ಮಷೀನು ಮುಖ್ಯಾನಾ ಅಂತ ಕೇಳಿ ಅವಳನ್ನ."

"ನಿನ್ನ ಸಿಂಪಿ ಮುಖ್ಯಾನಾ ಅಂತ ನೀನೇ ಕೇಳ್ಕೊ ಮೊದಲು."

ರೂಯ್-ಯುನ್‌ಗೆ ಎರಡೂ ಕೇಳಿಸಿದವು. ಅವಳು ಶವಪೆಟ್ಟಿಗೆಗೂ ಕಂಪ್ಯೂಟರಿಗೂ ನಡುವೆ ನೆಲದ ಮೇಲೆ ಕೂತು, ಕಂಪ್ಯೂಟರಿನ ಪ್ಲಗ್ ಇದ್ದ ಗೋಡೆಗೆ ಬೆನ್ನು ಒತ್ತಿದಳು. ಈಗ ಯಾರು ಕೀಳಬೇಕಾದರೂ ಮೊದಲು ಅವಳನ್ನು ಎಬ್ಬಿಸಬೇಕು.

*

ತಪ್ಪು ಅವಳದೇ. ತಾಯಿ ದೊಡ್ಡಾಸ್ಪತ್ರೆಯಲ್ಲಿದ್ದಾಗ ತುಂಡುಗಳನ್ನು ಜಾಲತಾಣಕ್ಕೆ ಹಾಕುತ್ತಿದ್ದವಳು ಅವಳು. ಒಂದು, ಎರಡು, ಮೂರು ಹೋದವು. ಪಟ್ಟಿಯಲ್ಲಿ ತಾಯಿಯ ಹೆಸರಿನ ಎದುರು 'ನಾಲ್ಕು' ಎಂದು ಒತ್ತಬೇಕಾದಾಗ ಬೆರಳು ಮೇಲೇಳಲಿಲ್ಲ. ಅವರ ಭಾಷೆಯಲ್ಲಿ ನಾಲ್ಕೂ ಸಾವೂ ಒಂದೇ ಥರ ಕೇಳಿಸುತ್ತವೆ, ನಾಲ್ಕು ಯಮನ ಅಂಕಿ. ಆ ಆಸ್ಪತ್ರೆಯ ಲಿಫ್ಟಿನಲ್ಲೇ ಮೂರನೆಯ ಮಹಡಿಯಾದ ಮೇಲೆ ಐದು. ಅಷ್ಟು ಓದಿದ ಡಾಕ್ಟರುಗಳೇ ನಾಲ್ಕನ್ನು ಬಿಟ್ಟು ಹತ್ತುವಾಗ ತನ್ನದೇನು ಎಂದು ಅವಳು ಐದಕ್ಕೆ ಹಾರಿದಳು. ಅಮ್ಮ ಮನೆಗೆ ಬರಲಿ, ಆಗ ಹಾಕಿದರಾಯಿತು.

"ಎಲ್ಲಾ ಹೋಯ್ತಾ?" ಎಂದು ಪಾವ್-ಚು ಕೇಳಿದಳು. ಮೂಗಿನಲ್ಲಿ ನಳಿಗೆ ಇತ್ತು.

"ಒಂಬತ್ತೂ ಹೋಯ್ತಮ್ಮ."

"ಗುಡ್," ಎಂದು ಪಾವ್-ಚು ಕಣ್ಣು ಮುಚ್ಚಿದಳು. "ಈಗ ನನ್ನ ಚಿಕ್ಕ ಕ್ಯಾಮೆರಾ ತಂದುಕೊಡು. ನೀನು ಹೊರಗೆ ಹೋಗು."

*

ಹನ್ನೊಂದು ಗಂಟೆ ಹತ್ತು ನಿಮಿಷ. ನೂರಕ್ಕೆ ಎಂಬತ್ತೇಳು.

ಎಲ್ಲ ಸಾವುಗಳಲ್ಲಿ ಮಾಡುವಂತೆ, ಮೊಳೆಗೆ ಮುಂಚೆ ಚಪ್ಪರದ ದೊಡ್ಡ ಪರದೆಯ ಮೇಲೆ ಸತ್ತವರ ನೆನಪಿನ ವಿಡಿಯೋ ಹಾಕಿದರು. ವಾದ್ಯದವರ ಜನರೇಟರಿನಿಂದ ಅದಕ್ಕೆ ಕರೆಂಟು. ಪಾವ್-ಚು ಅದನ್ನು ತಾನೇ ತಯಾರಿಸಿ, ಲಕೋಟೆಯಲ್ಲಿ ಹಾಕಿ ಅಂಟಿಸಿ, ಮಿಯೆನ್ ಕೈಗೆ ಕೊಟ್ಟಿದ್ದಳು. ಜನ ಹೂವು ಮತ್ತು ಕೊಳಲು ಬರುತ್ತದೆಂದು ಕರವಸ್ತ್ರ ತೆಗೆದರು.

ಹೂವು ಬರಲಿಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆ ಪಾವ್-ಚು ಬಂದಳು. ನೈಟಿಯ ಮೇಲೆ ತಲೆದಿಂಬಿನ ಚೀಲವೊಂದನ್ನು ಕತ್ತರಿಸಿ ತೋಳಿಲ್ಲದ ಕೋಟಿನಂತೆ ಹಾಕಿದ್ದಳು. ಮೆಲ್ಲಗೆ ಹಿಂದೆ ತಿರುಗಿದಳು. ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ ತಮ್ಮನ ಹೆಸರಿತ್ತು, ಹುದ್ದೆಯೂ ಇತ್ತು.

ಚಪ್ಪರದ ಕಣ್ಣುಗಳೆಲ್ಲ ಕ್ವೆಯ್-ಫಾನ ಬೆನ್ನಿನ ಕಡೆ ಹೊರಳಿದವು.

ಮತ್ತೆ ಮುಂದೆ ತಿರುಗಿ ಅವಳು ಎರಡು ಸಲ ಕೆಮ್ಮಿದಳು, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಸಾಕ್ಷಾತ್ ಕ್ವೆಯ್-ಫಾ. "ಮಾನ್ಯರೇ, ಮಹಿಳೆಯರೇ, ಮತ್ತು ಮತ ಹಾಕೋರೇ," ಎಂದಳು ಅವನದೇ ಮೂಗಿನ ದನಿಯಲ್ಲಿ. "ನಿಮ್ಮ ಅಹವಾಲನ್ನ ನಾನು ಪೂರ್ತಿ ಎಚ್ಚರದಿಂದ..." ತಲೆ ವಾಲಿತು. ಬಾಯಿ ತೆರೆಯಿತು. ಮೊದಲು ಕೆಟ್ಟ ಸ್ಕೂಟರು ಹತ್ತುವ ಸದ್ದು, ಆಮೇಲೆ ಸೀಟಿ, ಕೊನೆಗೆ ಕುಕ್ಕರು ಇಳಿಸಿದ ಹಾಗೆ ಒಂದು ಉಸ್ಸು.

ಹಿಂದಿನ ಸಾಲು ಸೆಣಬಿನ ತೋಳಿನಲ್ಲಿ ಬಾಯಿ ಮುಚ್ಚಿಕೊಂಡಿತು. ಕ್ವೆಯ್-ಫಾ ಕೆಂಪಾಗಿ ಸುತ್ತಿಗೆಯ ಹಿಡಿಯನ್ನು ಹಿಸುಕುತ್ತ ನಿಂತಿದ್ದ. ರೂಯ್-ಯುನ್ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು.

ಪರದೆಯ ಮೇಲೆ ಪಾವ್-ಚು ಕೋಟು ಕಳಚಿದಳು. ಅದಕ್ಕೇ ಅವಳಿಗೆ ಏದುಸಿರು ಬಂತು.

"ಲೋ ಕ್ವೆಯ್-ಫಾ," ಎಂದಳು, ಈಗ ತನ್ನದೇ ದನಿಯಲ್ಲಿ. "ಕೋಪ ಬಂದಿರತ್ತೆ. ಕೇಳು. ಆ ಮೂವತ್ತು ನಿಮಿಷದಲ್ಲಿ ನಿನ್ನ ಗೊರಕೆ ಒಂದು ಕಡೇನೂ ತುಂಡಾಗಿಲ್ಲ. ಏರಿದ್ದು ಇಳಿದಿದೆ, ಇಳಿದಿದ್ದು ಏರಿದೆ. ಮಧ್ಯೆ ನಾನು ಏನಾದ್ರೂ ಕತ್ತರಿಸಿದ್ರೆ ಅದು ಮುಗ್ಗರಿಸ್ತಿತ್ತು. ಹದಿನೆಂಟು ಜನರ ಮಾತು ನಿಜ ಅನ್ನೋದಕ್ಕೆ ನಿನ್ನ ಮೂಗೇ ಮೊಹರು ಕಣೋ. ಇನ್ನೊಂದು. ಊರೋರು ನಿನ್ನ ಕಂಪನಿ ನಾಯಿ ಅಂತಾರೆ. ನಾಯಿ ಎಚ್ಚರ ಇರತ್ತೆ. ನೀನು ಕೇಳಿಸ್ಕೊಂಡು ಸುಳ್ಳು ಸಹಿ ಹಾಕ್ದೋನಲ್ಲ, ಕೇಳಿಸ್ಕೊಳ್ಳದೇ ಹಾಕ್ದೋನು. ಕಳ್ಳ ಅಲ್ಲ, ಬರೀ ಸೋಮಾರಿ. ನಮ್ಮಪ್ಪನ ಮಗ. ಅದನ್ನ ತೋರಿಸೋ ತುಂಡು ಅದೊಂದೇ ಇರೋದು, ಅದನ್ನೇ ಕಿತ್ತಾಕು ಅಂತೀಯಲ್ಲ ಪೆದ್ದ."

ಪರದೆ ಕಪ್ಪಾಯಿತು.

ಮುಂದಿನ ಸಾಲಿನಲ್ಲಿದ್ದ ಮುದುಕನೊಬ್ಬ ಕ್ವೆಯ್-ಫಾನನ್ನು ಮೇಲಿಂದ ಕೆಳಗೆ ನೋಡಿ, "ನಿದ್ದೆ ಮಾಡ್ತಿದ್ಯೇನೋ? ನಾವು ಏನೇನೋ ಅಂದ್ಕೊಂಡಿದ್ವಿ," ಎಂದ.

"ಪೂರ್ತಿ ಮೂವತ್ತು ನಿಮಿಷ," ಎಂದಳು ಮಿಯೆನ್. "ನಾನು ಅಳ್ತಾ ಮಾತಾಡ್ತಿದ್ರೆ ಇವನು ಹಿಂದಿಂದ ತಾಳ ಹಾಕ್ತಿದ್ದ."

ಕ್ವೆಯ್-ಫಾನ ಕೊರಳಿನಿಂದ ವಿಚಿತ್ರವಾದ ಸದ್ದೊಂದು ಹೊರಟಿತು. ಅವನು ಅಳುತ್ತಿದ್ದಾನೆಂದುಕೊಂಡು ಪುರೋಹಿತ ಭುಜ ಹಿಡಿದ. ಅಳು ಅಲ್ಲ. ಅವನು ಪರದೆಯ ಕಡೆ ಬೆರಳು ತೋರಿಸಿ, "ಕುಕ್ಕರು," ಎಂದ, "ಕುಕ್ಕರು ಇಳಿಸಿದ್ಲು ನೋಡಿದ್ರಾ," ಎಂದು ಹೊಟ್ಟೆ ಹಿಡಿದು ನಕ್ಕ.

ಆಮೇಲೆ ಅವನು ಒಳಗೆ ಬಂದು ರೂಯ್-ಯುನ್ ಪಕ್ಕದಲ್ಲಿ, ಅದೇ ಗೋಡೆಗೆ ಒರಗಿ, ಸುತ್ತಿಗೆಯನ್ನು ತೊಡೆಯ ಮೇಲಿಟ್ಟು ಕೂತ. ಚಹಾಕ್ಕೆ ಬಿಸಿನೀರು ಕಾಯಿಸಲು ಬಾಯ್ಲರಿನ ಗುಂಡಿ ಒತ್ತಲು ಬಂದ ಹೆಂಗಸಿಗೆ, "ಯಾವಳೇ ಅದು, ಮುಟ್ಟಬೇಡ," ಎಂದ. ಇಬ್ಬರೂ ಹಸಿರು ಪಟ್ಟಿಯನ್ನೇ ನೋಡಿದರು. ತೊಂಬತ್ತಾರು. ತೊಂಬತ್ತೆಂಟು. ಪುರೋಹಿತ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ಹನ್ನೊಂದು ಮೂವತ್ತೇಳಕ್ಕೆ ಪರದೆಯ ಮೇಲೆ 'ತಲುಪಿದೆ' ಎಂದು ಬಂತು.

ಸತ್ತವಳ ಸೋದರ ಮೊಳೆ ಹೊಡೆಯುವಾಗ ಪ್ರತಿ ಏಟಿಗೂ ಪುರೋಹಿತ ಒಂದು ಒಳ್ಳೆಯ ಮಾತು ಹೇಳುತ್ತಾನೆ, ಮನೆಯವರು 'ಹೌದು' ಎನ್ನಬೇಕು. "ಮನೆ ಬೆಳಗಲಿ," ಎಂದ ಅವನು. ನಗು ತಡೆಯಲಾರದ ಕ್ವೆಯ್-ಫಾನ ಸುತ್ತಿಗೆ ಮೊಳೆಯ ಪಕ್ಕಕ್ಕೆ ಬಿತ್ತು. ಹೌದು ಎನ್ನಲು ಬಾಯಿ ತೆರೆದ ರೂಯ್-ಯುನ್ ಕೆಳತುಟಿ ಕಚ್ಚಿಕೊಂಡಳು, ಮಿಯೆನ್ ಕಂಬದ ಮರೆಗೆ ಹೋದಳು, ಚಪ್ಪರದ ಒಂದೊಂದೇ ಸಾಲು ಬಗ್ಗತೊಡಗಿತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಕ್ವೆಯ್-ಫಾ. ಪೆಟ್ಟಿಗೆಯ ಮೇಲೆ ಒಂದು ಕೈ ಊರಿ, ಕಣ್ಣೀರು ಸುರಿಸುತ್ತ, ಅವನು ಮತ್ತೆ ಸುತ್ತಿಗೆ ಎತ್ತಿದ. ಅದು ಮತ್ತೆ ಮೊಳೆಯ ಪಕ್ಕಕ್ಕೆ ಬಿತ್ತು.