ಖಾಲಿ ಇದ್ದ ಮಹಡಿ

ಮಹಡಿಯ ಮನೆ ನೋಡಲು ಬಂದಿದ್ದ ಹಫ್ಸ ಅಡುಗೆಕೋಣೆಯ ನಲ್ಲಿ ತಿರುಗಿಸಿ, "ನೀರು ಚೆನ್ನಾಗಿ ಉಂಟು" ಎಂದಳು. ಮೂಡುಬಿದಿರೆಯ ಶಾಲೆಯೊಂದರಲ್ಲಿ ಅವಳಿಗೆ ಹೊಸದಾಗಿ ಕೆಲಸ ಸಿಕ್ಕಿತ್ತು. ಎರಡನೇ ಕ್ಲಾಸಿನ ಮಗಳು ಹನಾಳನ್ನು ಕರೆದುಕೊಂಡು ದಿನಾ ಪಾಣೆಮಂಗಳೂರಿನಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದಳು.

"ಯಜಮಾನರನ್ನು ಒಂದು ಮಾತು ಕೇಳ್ತೇನೆ" ಎಂದು ಮನೆಯೊಡತಿ ಕಾಂತಿ ಕೆಳಗಿಳಿದಳು.

ಅವಳ ಗಂಡ ರುಕ್ಮಯ್ಯ ಪೇಪರಿನಿಂದ ತಲೆಯೆತ್ತಿದ. "ನನಗೇನೂ ಇಲ್ಲ ಮಾರಾಯ್ತಿ. ಆದರೆ ನಾಳೆ ಅಕ್ಕಪಕ್ಕದವರು ಕೇಳಿದರೆ? ಈಗಿನ ಕಾಲ ನಿನಗೆ ಗೊತ್ತುಂಟಲ್ಲ."

ಗೊತ್ತಿತ್ತು. ಕಾಂತಿ ಮತ್ತೆ ಮೇಲೆ ಹೋಗಿ, "ನಿನ್ನೆಯೇ ಬೇರೆಯವರಿಗೆ ಮಾತು ಕೊಟ್ಟಿದ್ದಾರಂತೆ" ಎಂದಳು.

"ಪರವಾಗಿಲ್ಲ ಮೇಡಂ" ಎಂದು ಹಫ್ಸ ಚಪ್ಪಲಿ ಮೆಟ್ಟಿದಳು. ಈ ಮಾತು ಅವಳಿಗೆ ಹೊಸದಲ್ಲ ಎಂದು ಕಾಂತಿಗೆ ಅನ್ನಿಸಿತು.

ಕಾಂತಿ ಮಕ್ಕಳಿಗಾಗಿ ಚಿತ್ರಪುಸ್ತಕ ಬರೆಯುವವಳು. ಎಲ್ಲರೊಂದಿಗೆ ಹೊಂದಿ ಬಾಳುವುದನ್ನು ಕಲಿಸುವ ಕಥೆಗಳು ಎಂದು ಶಿಕ್ಷಕರು ಅವುಗಳನ್ನು ಮೆಚ್ಚಿಕೊಂಡಿದ್ದರು. ಎರಡು ವಾರ ಕಳೆದು ಒಂದು ಶಾಲೆಯವರು ಕಥೆ ಓದಲು ಕರೆದರು. ತರಗತಿಯ ಬಾಗಿಲಲ್ಲಿ ಅವಳನ್ನು ಬರಮಾಡಿಕೊಂಡವಳು ಹಫ್ಸ.

"ಪುಸ್ತಕ ಬರೆಯುವವರು ನೀವೇ ಎಂದು ಗೊತ್ತಿರಲಿಲ್ಲ" ಎಂದಳು ಹಫ್ಸ. ಅವಳ ದನಿಯಲ್ಲಿ ಕಹಿಯಿರಲಿಲ್ಲ. ಕಾಂತಿಗೆ ಅದೇ ಕಷ್ಟವಾಯಿತು.

ಅವಳು ಓದಿದ್ದು ಬಾವಲಿಯ ಕಥೆ. ತಲೆಕೆಳಗಾಗಿ ಮಲಗುತ್ತದೆ ಎಂದು ಬಾವಲಿಗೆ ಗಿಳಿಯಾಗಲಿ ಬೇರೆ ಮರದವರಾಗಲಿ ಜಾಗ ಕೊಡುವುದಿಲ್ಲ. ಕೊನೆಗೆ ಅಳಿಲೊಂದು ಕೊಡುತ್ತದೆ. ಓದಿ ಮುಗಿದಾಗ ತೃಷಾ ಎಂಬ ಹುಡುಗಿ ಕೈ ಎತ್ತಿದಳು.

"ಕೊಂಬೆ ಖಾಲಿ ಇದ್ದರೂ ಗಿಳಿ ಜಾಗ ಇಲ್ಲ ಅಂತ ಯಾಕೆ ಹೇಳಿತು?"

"ಅದಕ್ಕೆ ಹೆದರಿಕೆ."

"ಬಾವಲಿಯ ಹೆದರಿಕೆಯಾ?"

"ಅಲ್ಲ. ಬೇರೆ ಗಿಳಿಗಳು ಏನು ಹೇಳ್ತಾವೋ ಅಂತ."

"ಹಾಗಾದರೆ ಬಾವಲಿಯದ್ದು ಏನೂ ತಪ್ಪಿಲ್ಲ" ಎಂದು ತೃಷಾ ಕುಳಿತಳು. ಕಾಂತಿ ಪುಸ್ತಕ ಮುಚ್ಚಿದಳು. ತರಗತಿಯ ಹಿಂದೆ ನಿಂತಿದ್ದ ಹಫ್ಸಳ ಕಡೆ ನೋಡಲಾಗಲಿಲ್ಲ.

ಸಂಜೆ ಶಾಲೆ ಬಿಟ್ಟಾಗ ಕಾಂತಿ ಗೇಟಿನ ಬಳಿ ಕಾದಿದ್ದಳು. "ಟೀಚರ್, ಆ ದಿನ ನಾನು ಸುಳ್ಳು ಹೇಳಿದೆ. ಮನೆ ಈಗಲೂ ಖಾಲಿ ಉಂಟು. ಮಧ್ಯಾಹ್ನ ಯಜಮಾನರಿಗೆ ಫೋನ್ ಮಾಡಿದೆ. ಕೇಳುವವರಿಗೆ ಉತ್ತರ ನಾನು ಕೊಡ್ತೇನೆ ಅಂದೆ. ಅವರು ಒಪ್ಪಿದ್ದಾರೆ."

ಹಫ್ಸ ಮಗಳ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡಳು. "ಸುಳ್ಳು ಅಂತ ಆಗಲೇ ಗೊತ್ತಾಗಿತ್ತು ಮೇಡಂ. ನಿಮ್ಮದು ನಾಲ್ಕನೇ ಮನೆ." ಹನಾಳ ಕೈ ಹಿಡಿದುಕೊಂಡು ಹೇಳಿದಳು: "ಬರ್ತೇನೆ ಅಂತ ಈಗಲೇ ಹೇಳಲಾರೆ. ಒಮ್ಮೆ ಬೇಡ ಅಂದವರ ಮನೆಗೆ ಯಾಕೆ ಹೋಗ್ತಿ ಅಂತ ನನ್ನ ಅತ್ತೆ ಕೇಳ್ತಾರೆ. ಅವರಿಗೆ ನಾನು ಏನು ಹೇಳುವುದು?"

"ನೀವು ಹೇಳುವುದು ಬೇಡ. ನಾನೇ ಬಂದು ಹೇಳ್ತೇನೆ."

ಬಂಟ್ವಾಳದ ಬಸ್ಸು ಬಂತು. ಮೂವರೂ ಹತ್ತಿದರು. ಸಿದ್ದಕಟ್ಟೆ ದಾಟುವಾಗ ಹನಾಗೆ ನಿದ್ದೆ ಹತ್ತಿ, ಅವಳ ತಲೆ ಕಾಂತಿಯ ತೋಳಿಗೆ ವಾಲಿತು. ದಿನಾ ಇಷ್ಟು ದೂರ ಎಂದುಕೊಂಡು ಕಾಂತಿ ಅಲುಗದೆ ಕುಳಿತಳು.

ಪಾಣೆಮಂಗಳೂರಿನ ಮನೆಯಲ್ಲಿ ಹಫ್ಸಳ ಅತ್ತೆ ಆಯಿಶಮ್ಮ ಎಲ್ಲವನ್ನೂ ಕೇಳಿದರು. ಕಾಂತಿ ಒಂದನ್ನೂ ಮುಚ್ಚಿಡಲಿಲ್ಲ, ಗಂಡನ ಮೇಲೂ ಹಾಕಲಿಲ್ಲ.

ಆಯಿಶಮ್ಮ ಅವಳ ಕಡೆ ತಿರುಗಿದರು. "ಇಷ್ಟು ವರ್ಷದಲ್ಲಿ ಇಲ್ಲ ಅಂದವರು ತುಂಬಾ ಜನ. ಅದು ಸುಳ್ಳು ಅಂತ ಹೇಳಲಿಕ್ಕೆ ತಿರುಗಿ ಬಂದವರು ಯಾರೂ ಇಲ್ಲ" ಎಂದರು. "ಮನೆ ನಾನೂ ಒಮ್ಮೆ ನೋಡ್ಬೇಕು. ಆದಿತ್ಯವಾರ ಬರ್ತೇನೆ."